ಹೊಳೆಬೀಡಿನಲ್ಲಿ ಮೂರು ಎಲೆ

1981 ಅಕ್ಟೋಬರ್ 4, ಆದಿತ್ಯವಾರ

ಇಂದು ಸಂಜೆ ಕೂಳೂರು ಹೊಳೆಯ ದಂಡೆಯಲ್ಲಿ ಮೂವರು ಮಹಿಳಾಮಣಿಗಳನ್ನು ಹಸಿರು ಬಟ್ಟೆಯ ಹಿಂದೆ, ಸಕಲ ಮರ್ಯಾದೆಗಳೊಂದಿಗೆ, ಸಮಾಧಿ ಮಾಡಲಾಯಿತು. ಮೃತರಲ್ಲಿ ನಾನೂ ಒಬ್ಬಳಾದ್ದರಿಂದ ಈ ವರದಿಯನ್ನು ನಂಬಬಹುದು.

ನೂರು ವರ್ಷದ ಮೇಲೆ ಈ ಡೈರಿಯನ್ನು ಅಗೆದು ತೆಗೆಯುವ ಪಂಡಿತರ ಉಪಯೋಗಕ್ಕಾಗಿ ಮೃತರ ವಿವರ. ಆಶಾಲತಾ, ಅಂದರೆ ನಾನು: ಜೆಪ್ಪು ನಿವಾಸಿ, ಕದ್ರಿಯ ಒಂದು ಗೇರುಬೀಜದ ಕಂಪೆನಿಯ ಆಫೀಸಿನಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕುಳಿತು ಇಡೀ ಊರಿನ ಗಂಟಲುಗಳನ್ನು ಅಭ್ಯಾಸ ಮಾಡಿದವಳು, ಯಾರ ಸ್ವರ ಬೇಕಾದರೂ ತೆಗೆಯಬಲ್ಲವಳು. ಶಶಿಪ್ರಭಾ: ಅದೇ ಆಫೀಸಿನ ಟೈಪಿಸ್ಟ್, ಮಹಾ ಹೆದರುಪುಕ್ಕಲಿ, ಆದರೆ ಹೆದರುತ್ತಲೇ ಎಲ್ಲದಕ್ಕೂ ಬರುವವಳು. ಸುಹರಾ: ನಮ್ಮ ಹಿತ್ತಿಲಿನಾಚೆಯ ಮನೆಯವಳು, ಒಂದನೇ ಕ್ಲಾಸಿನಿಂದ ನನ್ನ ಎಲ್ಲ ಅಪರಾಧಗಳಲ್ಲಿ ಪಾಲುದಾರಳು. ಆಗಸ್ಟಿನಲ್ಲಿ ಅವಳ ನಿಖಾ ಆಯಿತು. ಗಂಡ ಜಮಾಲುದ್ದೀನ್ ದುಬಾಯಿಗೆ ಮರಳಿ ಹೋಗಿದ್ದಾನೆ. ವೀಸಾ ಬಂದ ಕೂಡಲೇ ಇವಳೂ ಹೋಗುತ್ತಾಳೆ. ಆ ವಿಷಯವನ್ನು ಇಲ್ಲಿ ಬರೆಯುವ ಅಗತ್ಯ ಇಲ್ಲ.

ಈಗ ಸ್ಥಳದ ವಿವರ. ಊರಿನಲ್ಲಿ ಎಲ್ಲರೂ ಮುಳಿಹುಲ್ಲಿನ ಮಾಡು ಕಿತ್ತು ತಾರಸಿ ಹಾಕುತ್ತಿರುವ ಕಾಲದಲ್ಲಿ, ಬೊಂಬಾಯಿಯಲ್ಲಿ ಹೋಟೆಲು ನಡೆಸಿ ದೊಡ್ಡವರಾಗಿ ಬಂದ ಲೋಕನಾಥ ಶೆಟ್ಟರು ಹೊಳೆಯ ಬದಿಯಲ್ಲಿ ಮುಳಿಹುಲ್ಲಿನ ಹೋಟೆಲು ಕಟ್ಟಿದ್ದಾರೆ. ಹೆಸರು ಹೊಳೆಬೀಡು. ಗಾರೆ ಬಳಿಯದ ಕೆಂಪುಕಲ್ಲು, ಎಲ್ಲಿಂದಲೋ ಬಿಚ್ಚಿ ತಂದ ಕೆತ್ತನೆಯ ಕಂಬ, ತೂಗುವ ಲಾಟೀನು, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟ ಬೇರರ್‌ಗಳು. ಬಾಗಿಲಲ್ಲಿ ಹಿತ್ತಾಳೆಯ ಹಂಡೆ. ಕಾಲು ತೊಳೆದೇ ಒಳಗೆ ಹೋಗಬೇಕು. ಗಂಜಿ ಮಣ್ಣಿನ ಚಟ್ಟಿಯಲ್ಲಿ ಬರುತ್ತದೆ. ಅದಕ್ಕೆ ಅವರು ಹೇಳುವ ಬೆಲೆಯನ್ನು ನಮ್ಮ ಅಜ್ಜಿ ಕೇಳಿದ್ದರೆ ಗಂಜಿ ಬಿಟ್ಟು ಸನ್ಯಾಸ ತೆಗೆದುಕೊಳ್ಳುತ್ತಿದ್ದರು. ಚಾವಡಿಯ ಗೋಡೆಯಲ್ಲಿ ದೊಡ್ಡ ಅಕ್ಷರದ ಹಲಗೆ: ‘ಇಲ್ಲಿಗೆ ಬರುವವರು ಗಿರಾಕಿಗಳಲ್ಲ, ನೆಂಟರು. ಬೀಡಿನ ಕ್ರಮವೇ ನಮ್ಮ ಕ್ರಮ.’

ಎಲ್ಲಕ್ಕಿಂತ ಚಂದ ಹಿಂದಿನ ಅಂಗಳ. ಹೊಳೆಗೆ ತಾಗಿಕೊಂಡೇ ಮೇಜುಗಳು. ಅಲ್ಲಿ ಕೂತರೆ ಸೂರ್ಯ ನಮ್ಮ ಎಲೆಯ ಮುಂದೆಯೇ ಮುಳುಗುತ್ತಾನೆ ಎಂದು ಊರೆಲ್ಲ ಹೇಳುತ್ತದೆ. ನಾವು ಇದ್ದ ಸೀರೆಗಳಲ್ಲಿ ಒಳ್ಳೆಯದನ್ನು ಉಟ್ಟು, ಎರಡು ಬಸ್ಸು ಹಿಡಿದು ಹೋದದ್ದು ಅದಕ್ಕೇ.

ಬಾಗಿಲಲ್ಲಿ ಒಬ್ಬ ಸಭ್ಯ ಗೃಹಸ್ಥ. ಎದೆಯ ಮೇಲಿನ ಬಿಲ್ಲೆಯಲ್ಲಿ ಯೂಸ್ಟೇಸ್ ಎಂಬ ಹೆಸರು.

“ಎಷ್ಟು ಜನ ಮೇಡಂ?”

“ಮೂವರು.”

“ಜೆಂಟ್ಸ್ ಹಿಂದಿನಿಂದ ಬರ್ತಾರಾ?”

“ಇಲ್ಲ. ಹಿಂದೆಯೂ ನಾವೇ, ಮುಂದೆಯೂ ನಾವೇ.”

“ಹಾಗಾದ್ರೆ ಫ್ಯಾಮಿಲಿ ರೂಮ್ ಈ ಕಡೆ.”

“ನಮಗೆ ಹೊಳೆಬದಿಯ ಮೇಜು ಬೇಕಿತ್ತು.”

“ಲೇಡೀಸ್ ಮಾತ್ರ ಇದ್ರೆ ಫ್ಯಾಮಿಲಿಯೇ ಮೇಡಂ. ಅಂಗಳದಲ್ಲಿ ನಾಲ್ಕು ಜನ ನೋಡ್ತಾರೆ. ನಿಮ್ಮ ಒಳ್ಳೆದಕ್ಕೇ ಹೇಳುವುದು.”

ನಮ್ಮ ಒಳ್ಳೆಯದು ಅಡಿಗೆಮನೆಯ ಪಕ್ಕದ ಸಾಲುಕೋಣೆಗಳಲ್ಲಿ ಒಂದರಲ್ಲಿತ್ತು. ಮೂರು ಕಡೆ ಗೋಡೆ, ನಾಲ್ಕನೇ ಕಡೆ ಹಸಿರು ಪರದೆ, ತಲೆಯ ಮೇಲೆ ಕಿರುಗುಟ್ಟುವ ಫ್ಯಾನ್. ಸುಹರಾ ಪರದೆಯ ಅಂಚನ್ನು ಒಂದು ಬೆರಳಲ್ಲಿ ಸರಿಸಿದಳು. ಬೇರರ್ ಬಂದು ಬಹಳ ಮರ್ಯಾದೆಯಿಂದ ಎಳೆದು ಮುಚ್ಚಿದ. ಅವಳು ಮತ್ತೆ ಸರಿಸಿದಳು, ಅವನು ಮತ್ತೆ ಮುಚ್ಚಿದ.

“ಪರದೆ ನೋಡ್ಲಿಕ್ಕೆ ಕೂಳೂರಿನವರೆಗೆ ಬರ್ಬೇಕಿತ್ತಾ?” ಎಂದಳು ಸುಹರಾ. “ಅದು ನಮ್ಮ ಮನೆಯಲ್ಲೇ ಉಂಟು. ಇದಕ್ಕಿಂತ ಒಳ್ಳೆ ಬಟ್ಟೆದ್ದು.”

ನಾವು ನಕ್ಕೆವು. ಸ್ವಲ್ಪ ಹೊತ್ತಿನ ಮೇಲೆ, ಬಂಗುಡೆಯ ಮುಳ್ಳು ಬಿಡಿಸುತ್ತ, ಅವಳೇ ತಲೆ ಎತ್ತದೆ ಹೇಳಿದಳು: “ಹೋಗುವ ಮೊದಲು ಒಮ್ಮೆ ಹೊಳೆಗೆ ಮುಖ ಮಾಡಿ ಕೂತು ನಾವು ಮೂವರೇ ಊಟ ಮಾಡ್ಬೇಕು ಅಂತ ಇತ್ತು. ಇರ್ಲಿ. ಪುಳಿಮುಂಚಿ ಒಳ್ಳೆದುಂಟು.”

ಆ ‘ಇರ್ಲಿ’ ನನಗೆ ಹಿಡಿಸಲಿಲ್ಲ. ಅದನ್ನು ರದ್ದುಪಡಿಸತಕ್ಕದ್ದು ಎಂದು ಈ ಮೂಲಕ ಆಜ್ಞಾಪಿಸಿದ್ದೇನೆ.

ಅಕ್ಟೋಬರ್ 6

ಇಂದು ಮಧ್ಯಾಹ್ನ, ಆಫೀಸಿನವರೆಲ್ಲ ಊಟಕ್ಕೆ ಹೋಗಿದ್ದಾಗ, ನನ್ನ ಟೆಲಿಫೋನ್ ಬೋರ್ಡಿನಲ್ಲಿ ಪಡುಬೆಟ್ಟು ಬೀಡಿನ ಧಣಿ ಬಲ್ಲಾಳರ ಜನನವಾಯಿತು. ಹುಟ್ಟುವಾಗಲೇ ವಯಸ್ಸು ಎಪ್ಪತ್ತು, ಎದೆಯಲ್ಲಿ ಕಫ, ಮಾತಿನಲ್ಲಿ ಗತ್ತು.

“ಯಾರು ಮಾತಾಡುವುದು? ಇದು ಪಡುಬೆಟ್ಟು ಬೀಡಿನಿಂದ ಬಲ್ಲಾಳರು. ನಿಮ್ಮಲ್ಲಿಗೆ ಊಟಕ್ಕೆ ಬರ್ಲಿಕ್ಕುಂಟು, ಶೆಟ್ಟರನ್ನು ಕರೀರಿ,” ಎಂದರು ಬಲ್ಲಾಳರು ನನ್ನ ಗಂಟಲಿನ ತಳದಿಂದ.

ಲೋಕನಾಥ ಶೆಟ್ಟರು ಓಡಿಬಂದ ಸದ್ದು ಫೋನಿನಲ್ಲೇ ಕೇಳಿತು. “ಬಲ್ಲಾಳ್ರೇ! ನೀವು ನಮ್ಮಲ್ಲಿಗೆ ಬರುವುದಾ? ನಮ್ಮ ಭಾಗ್ಯ!”

“ಭಾಗ್ಯ ಇರ್ಲಿ. ಆದಿತ್ಯವಾರ ಹೊಳೆಬದಿಯ ಮೇಜು ಇಡಿ. ನನಗೆ ಗಾಳಿ ಬೇಕು. ಸೊಸೆಯಂದಿರು ಮೂವರು ಮೊದಲೇ ಬಂದು ಕೂತಿರ್ತಾರೆ.” ಇಲ್ಲಿ ಬಲ್ಲಾಳರು ಒಂದು ಕೆಮ್ಮು ಕೆಮ್ಮಿದರು. ನನ್ನ ವೃತ್ತಿಜೀವನದಲ್ಲೇ ಅತ್ಯುತ್ತಮ ಕೆಮ್ಮು.

ಅಷ್ಟರಲ್ಲಿ ಮ್ಯಾನೇಜರು ಹಿಂದಿನಿಂದ ಹಾದುಹೋದರು. “ಎಂತ ಆಶಾಲತಾ, ಶೀತವಾ?”

“ಹೌದು ಸರ್,” ಎಂದೆ. ಗಾಬರಿಯಲ್ಲಿ ಅದನ್ನೂ ಬಲ್ಲಾಳರೇ ಹೇಳಿಬಿಟ್ಟರು. ಮ್ಯಾನೇಜರು ತುಳಸಿ ಕಷಾಯ ಕುಡಿಯಲು ಹೇಳಿ ಹೋದರು.

ಅಕ್ಟೋಬರ್ 11, ಆದಿತ್ಯವಾರ

ಸೋಲು. ಇತಿಹಾಸ ಇದನ್ನು ಬೇರೆ ಹೆಸರಿನಿಂದ ಕರೆಯಬಹುದು; ನಾನು ಸತ್ಯವನ್ನೇ ಬರೆಯುತ್ತೇನೆ.

ಮೇಜು ಸಿದ್ಧವಿತ್ತು. ಕೈಯಿರುವ ದೊಡ್ಡ ಕುರ್ಚಿ, ಅದಕ್ಕೊಂದು ದಿಂಬು, ಪಕ್ಕದಲ್ಲಿ ದೀಪ. ಯೂಸ್ಟೇಸ್ ನಮ್ಮನ್ನು ನೋಡಿ ಕೈ ಮುಗಿದ. ಆಮೇಲೆ ಸುಹರಾ ತಲೆಗೆ ಹೊದ್ದ ತಟ್ಟದ ಬಟ್ಟೆಯನ್ನು ನೋಡಿದ.

“ಇವರೂ ಬಲ್ಲಾಳರ ಸೊಸೆಯಾ?”

“ಇವಳು ದೂರದ ಸೊಸೆ,” ಎಂದೆ. “ತುಂಬಾ ದೂರದ.”

ಶಶಿಪ್ರಭಾ ನನ್ನ ಬೆನ್ನ ಹಿಂದೆ ಸರಿದಳು. ಯೂಸ್ಟೇಸ್ ಕೈ ತೋರಿಸಿದ್ದು ಹಸಿರು ಪರದೆಯ ಕಡೆಗೆ. “ಧಣಿಗಳು ಬರುವವರೆಗೆ ಒಳಗೆ ಕೂತ್ಕೊಳ್ಳಿ ಮೇಡಂ. ಅವರು ಬಂದ ಕೂಡ್ಲೇ ಇಲ್ಲಿಗೆ ಕರೀತೇನೆ. ಹೆಂಗಸರು ಮಾತ್ರ ಅಂಗಳದಲ್ಲಿ ಕೂತದ್ದು ಕಂಡ್ರೆ ಬಲ್ಲಾಳರೇ ನಮ್ಮನ್ನು ಬೈದಾರು.”

ಬೈಯುವುದಿಲ್ಲ ಎಂದು ನನಗೆ ಖಾತ್ರಿಯಿತ್ತು. ಹೇಳುವ ಹಾಗಿರಲಿಲ್ಲ.

ಹೀಗಾಗಿ ಪರದೆಯ ಹಿಂದೆ ಕೂತು ಗೋಳಿಬಜೆ ತಿಂದೆವು. ಹೊರಗೆ, ದೀಪದ ಬೆಳಕಿನಲ್ಲಿ, ದಿಂಬಿಟ್ಟ ಖಾಲಿ ಕುರ್ಚಿ ಸೂರ್ಯಾಸ್ತವನ್ನು ನೋಡುತ್ತಿತ್ತು. ಇಲ್ಲದ ಮನುಷ್ಯನಿಗೆ ಇಡೀ ಹೊಳೆ. ಇದ್ದ ಮೂವರಿಗೆ ಫ್ಯಾನು.

ಹೊರಡುವಾಗ ನೋಡಿದರೆ ಲೋಕನಾಥ ಶೆಟ್ಟರು ರೇಷ್ಮೆ ಶಾಲು ಹೊದ್ದು, ಕೈಯಲ್ಲಿ ಸೇವಂತಿಗೆ ಮಾಲೆ ಹಿಡಿದು, ರಸ್ತೆಯ ಕಡೆ ನೋಡುತ್ತ ಗೇಟಿನಲ್ಲೇ ನಿಂತಿದ್ದಾರೆ. ನಗು ತಡೆಯಲಿಕ್ಕಾಗದೆ ಸೆರಗು ಬಾಯಿಗೆ ತುರುಕಿಕೊಂಡೆ. ಬಸ್ಸಿನಲ್ಲಿ ಮತ್ತೆ ನಗೋಣವೆಂದರೆ ಅಷ್ಟು ಬರಲಿಲ್ಲ. ಗೋಳಿಬಜೆ ಭಾರವಾಗಿರಬೇಕು.

ಅಕ್ಟೋಬರ್ 18, ಆದಿತ್ಯವಾರ

ಇಂದು ಗಂಡಸು ಎಂಬ ಟಿಕೆಟು ಪಡೆದು ಪ್ರವೇಶಿಸಿದೆವು. ಟಿಕೆಟಿನ ಹೆಸರು ಮೋಹನದಾಸ, ಶಶಿಪ್ರಭಾಳ ಅಣ್ಣ, ಬ್ಯಾಂಕಿನಲ್ಲಿ ಕೆಲಸ, ಸ್ವಭಾವದಲ್ಲಿ ಒಳ್ಳೆಯವ, ಆಕಾರದಲ್ಲಿ ಅಗಲದವ.

ಯೂಸ್ಟೇಸ್ ಒಂದು ಪ್ರಶ್ನೆಯನ್ನೂ ಕೇಳದೆ ನಮ್ಮನ್ನು ನೇರ ಹೊಳೆಬದಿಗೆ ಕರೆದೊಯ್ದ. ನನ್ನ ಎದೆ ಉಬ್ಬಿತು. ಉಬ್ಬಿದ್ದು ಇಳಿಯುವುದರೊಳಗೆ ಮೋಹನದಾಸಣ್ಣ ಹೊಳೆಗೆ ಮುಖ ಮಾಡಿದ ಕುರ್ಚಿಯನ್ನು ಎಳೆದು ಕೂತುಬಿಟ್ಟ. ಆ ಮೇಜಿಗೆ ಹೊಳೆ ಪೂರ್ತಿ ಕಾಣುವ ಕುರ್ಚಿ ಅದೊಂದೇ. ಪಕ್ಕದ ಎರಡರಿಂದ ಅಡ್ಡಡ್ಡ ಕಂಡೀತು. ಎದುರಿನದಕ್ಕೆ ಅಡಿಗೆಮನೆ.

“ಹಾಂ, ಏನೇನು ಉಂಟು ಯೂಸ್ಟೇಸ್? ಲೇಡೀಸಿಗೆ ಖಾರ ಕಡಿಮೆ ಹಾಕ್ಲಿಕ್ಕೆ ಹೇಳು,” ಎಂದ.

“ನಮಗೆ ಖಾರ ಆಗ್ತದೆ ಮೋಹನದಾಸಣ್ಣ,” ಎಂದೆ.

“ಆಗುವುದಿಲ್ಲ. ಈಗ ಗೊತ್ತಾಗುವುದಿಲ್ಲ, ಮತ್ತೆ ಹೊಟ್ಟೆ ಉರೀತದೆ.”

ನಮ್ಮ ಹೊಟ್ಟೆ ಆಗಲೇ ಉರಿಯುತ್ತಿತ್ತು. ನೀರುದೋಸೆ ಬಂತು, ಮರುವಾಯಿ ಚಿಪ್ಪುಮೀನಿನ ಸುಕ್ಕ ಬಂತು, ಸಪ್ಪೆ ಸಪ್ಪೆ. ಊಟದುದ್ದಕ್ಕೂ ಮೋಹನದಾಸಣ್ಣ ಕೂಳೂರಿನ ಸೇತುವೆ ಹೇಗೆ ನಿಂತಿದೆ, ಅವನಿಗೆ ಬಿಟ್ಟಿದ್ದರೆ ಹೇಗೆ ನಿಲ್ಲುತ್ತಿತ್ತು ಎಂದು ವಿವರಿಸಿದ. ಸುಹರಾಳ ಜಾಗದಿಂದ ಕಾಣುತ್ತಿದ್ದದ್ದು ಅವನ ಎಡಗಿವಿ. ಆ ಕಿವಿಯ ಆಚೆ ಒಂದಂಗುಲ ಹೊಳೆ ಇತ್ತೆಂದು ಅವಳು ಬಸ್‌ಸ್ಟ್ಯಾಂಡಿನಲ್ಲಿ ಸಾಕ್ಷಿ ನುಡಿದಿದ್ದಾಳೆ.

“ಒಳ್ಳೆ ಕಿವಿ,” ಎಂದಳು. “ದುಬಾಯಿಯಲ್ಲಿ ನೆನಪಾದೀತು.”

ಶಶಿಪ್ರಭಾ ಅಣ್ಣನ ಪರವಾಗಿ ಕ್ಷಮೆ ಕೇಳಿದಳು. ಅವಳ ತಪ್ಪೇನೂ ಇಲ್ಲ. ಅವಳು ಅಡಿಗೆಮನೆಗೆ ಮುಖ ಮಾಡಿ ಕೂತಿದ್ದಳು.

ಅಕ್ಟೋಬರ್ 22

ಬ್ರಹ್ಮಾಸ್ತ್ರ: ಆಫೀಸಿನ ವಾರ್ಷಿಕೋತ್ಸವದ ನಾಟಕದ ಪೆಟ್ಟಿಗೆಯಿಂದ ಒಂದು ಮೀಸೆ. ತಮ್ಮನ ಪ್ಯಾಂಟು, ಅಪ್ಪನ ಕೋಟು, ತಲೆಕೂದಲಿಗೆ ಟೊಪ್ಪಿ. ಕನ್ನಡಿಯಲ್ಲಿ ನನ್ನನ್ನು ನೋಡಿ ನನಗೇ ಎದ್ದು ನಿಲ್ಲಬೇಕೆನಿಸಿತು. ಗಂಡಸು ಬೇಕಾದರೆ ಹೊರಗಿನಿಂದ ಏಕೆ ತರಬೇಕು? ಮನೆಯಲ್ಲೇ ತಯಾರಿಸಿದರಾಯಿತು. ಅವನಿಗೆ ಅಡಿಗೆಮನೆಗೆ ಮುಖ ಮಾಡಿದ ಕುರ್ಚಿ ಕೊಡಬಹುದು.

ಹಿತ್ತಿಲಿನ ದಾರಿಯಾಗಿ ಸುಹರಾಳ ಮನೆಗೆ ಹೋದೆ. ಅವಳ ತಾಯಿ ಪಾತುಮ್ಮ (ನಾನೂ ‘ಉಮ್ಮ’ ಎಂದೇ ಕರೆಯುವುದು) ಮೊದಲು ಸೌಟು ಎತ್ತಿದರು, ಆಮೇಲೆ ಗುರುತು ಹಿಡಿದು ನಕ್ಕು ನಕ್ಕು ಅಕ್ಕಿಯ ಗೆರಸೆಯನ್ನೇ ಚೆಲ್ಲಿಬಿಟ್ಟರು. “ಅಯ್ಯೋ ಮೋಳೇ, ನಿನಗೆ ಒಂದು ಹೆಣ್ಣು ನೋಡ್ಬೇಕಲ್ಲಾ!”

ಸುಹರಾ ನಗಲಿಲ್ಲ.

“ಆದಿತ್ಯವಾರ ಹೋಗುವಾ,” ಎಂದೆ ಮೀಸೆ ತಿರುವಿ.

“ಯಾರು ಯಾರು ಹೋಗುವುದು?”

“ಮೂವರೇ ಮಾರಾಯ್ತಿ.”

“ಅಲ್ಲ. ನೀನು ಗಂಡಸಾದ್ರೆ ಅಲ್ಲಿ ಕೂರುವುದು ನಾನು, ಶಶಿ, ಮತ್ತೆ ಒಬ್ಬ ಗಂಡಸು. ನಾನು ಹೇಳಿದ್ದು ನಾವು ಮೂವರು ಅಂತ.”

“ತಮಾಷೆಗೆ ಅಲ್ವಾ ಹೇಳುವುದು!”

“ಗೊತ್ತುಂಟು.” ಅವಳು ಬಗ್ಗಿ ಚೆಲ್ಲಿದ ಅಕ್ಕಿ ಬಳಿಯುತ್ತಿದ್ದಳು. “ನೀನು ಎಲ್ಲಾ ಕಡೆಗೂ ಬೇರೆ ಯಾರೋ ಆಗಿ ಹೋಗ್ತಿ. ನನ್ನನ್ನು ಕಳಿಸ್ಲಿಕ್ಕೆ ಏರ್‌ಪೋರ್ಟಿಗೆ ಬರುವಾಗ ಯಾರಾಗಿ ಬರ್ತಿ, ಬಲ್ಲಾಳರಾ?”

ಉತ್ತರ ಕೊಡಲು ನನ್ನಲ್ಲಿ ಹತ್ತು ಸ್ವರಗಳಿದ್ದವು. ಯಾವುದೂ ಸಮಯಕ್ಕೆ ಬರಲಿಲ್ಲ.

ಮನೆಗೆ ಬಂದು ಮೀಸೆ ಕಿತ್ತೆ. ಅಂಟಿನ ಜೊತೆ ಮೇಲ್ತುಟಿಯ ಚರ್ಮವೂ ಸ್ವಲ್ಪ ಬಂತು. ಕಣ್ಣಲ್ಲಿ ನೀರು ಬಂದದ್ದು ಅದಕ್ಕೆ.

ಅಕ್ಟೋಬರ್ 23

ತುಟಿ ಉರಿಯುತ್ತಿದೆ. ಬರೆಯುವಂಥದ್ದು ಏನೂ ಇಲ್ಲ.

ಅಕ್ಟೋಬರ್ 27, ದೀಪಾವಳಿ

ಜ್ಞಾನೋದಯಗಳು ಮರದ ಬುಡದಲ್ಲಿ ಆಗುತ್ತವೆಂದು ಕೇಳಿದ್ದೆ. ನನಗೆ ಆದದ್ದು ಗಸಗಸೆ ಪಾಯಸದ ಎದುರು. ಆದರೂ ಕಾರಣ ಒಂದು ಮರವೇ.

ಮಧ್ಯಾಹ್ನ ಮನೆಯವರೆಲ್ಲ ಎಲೆ ಹಾಕಿ ಕೂತಿದ್ದೆವು. ಅಪ್ಪ ಮೊದಲ ತುತ್ತು ಕಲಸುತ್ತಿದ್ದರು. ಅಷ್ಟರಲ್ಲಿ ಪಕ್ಕದ ಮನೆಯ ಚಿತ್ತರಂಜನ ರೈಗಳು ಗೇಟನ್ನು ಒದ್ದ ಹಾಗೆ ತೆರೆದು, ಮುಖ ಕೆಂಪಗೆ ಮಾಡಿಕೊಂಡು, ಮೆಟ್ಟಿಲು ಹತ್ತುತ್ತಲೇ ಶುರು ಮಾಡಿದರು:

“ಇದೆಂತ ಮಾರಾಯ್ರೇ ನಿಮ್ಮದು? ನಿಮ್ಮ ತೆಂಗಿನಮರ ನನ್ನ ಬಚ್ಚಲಿನ ಹಂಚನ್ನು...”

ಬಾಗಿಲಿಗೆ ಬಂದವರು ಎಲೆ ನೋಡಿದರು. ಮಾತು ಅಲ್ಲೇ ನಿಂತಿತು. ಮುಖದ ಕೆಂಪು ಕೂಡ ಅರ್ಧಕ್ಕೆ ಇಳಿಯಿತು.

“ಊಟಕ್ಕೆ ಕೂತದ್ದಾ? ಏಳ್ಬೇಡಿ, ಏಳ್ಬೇಡಿ. ಆಗ್ಲಿ. ನಾನು ಕೂತಿರ್ತೇನೆ.”

ಅಮ್ಮ ಅವರಿಗೆ ಬೆಲ್ಲ, ನೀರು ಕೊಟ್ಟಳು. ಅವರು ಚಾವಡಿಯಲ್ಲಿ ಕೂತು ಪೇಪರ್ ಓದಿದರು. ಅಪ್ಪ ನಿಧಾನವಾಗಿ ಉಂಡರು. ಪಾಯಸ ಎರಡನೇ ಸಲ ಹಾಕಿಸಿಕೊಂಡರು, ಮೂರನೇ ಸಲವೂ. ರೈಗಳು ತಾಳ್ಮೆಯಿಂದ ಕೃಷಿ ಪುಟವನ್ನೂ ಮುಗಿಸಿದರು. ಕೊನೆಗೆ ಅಪ್ಪ ಎದ್ದು ಕೈ ತೊಳೆದು, ಒರೆಸಿಕೊಂಡು ಹೊರಗೆ ಬಂದ ಕ್ಷಣ ರೈಗಳೂ ಎದ್ದರು, ಮುಖ ಮತ್ತೆ ಕೆಂಪಾಯಿತು:

“...ಹಂಚನ್ನು ಪುಡಿ ಮಾಡಿತು!”

ಅಮ್ಮನನ್ನು ಕೇಳಿದೆ, ರೈಗಳು ಯಾಕೆ ಕಾದರು ಎಂದು. ಅಮ್ಮ ನನಗೇ ಹುಚ್ಚು ಎಂಬಂತೆ ನೋಡಿದಳು. “ಎಂತ ಮಾತು ನಿನ್ನದು? ಎಲೆಯಲ್ಲಿ ಕೂತವರನ್ನು ಯಾರಾದ್ರೂ ಎಬ್ಬಿಸ್ತಾರಾ? ಎಲೆಗೆ ಉಪ್ಪು ಬಿದ್ದ ಮೇಲೆ ವೈರಿಯೂ ಎಬ್ಬಿಸ್ಲಿಕ್ಕೆ ಇಲ್ಲ.”

ನಾನು ಪಾಯಸದ ಕೈಯಲ್ಲೇ ಎದ್ದು ನಿಂತೆ. ಕೂತವರನ್ನು ಎಬ್ಬಿಸುವವರಿಲ್ಲ! ಹಾಗಾದರೆ ಕೇಳಬೇಕಾದದ್ದು ಜಾಗ ಅಲ್ಲ, ಬೀಳಬೇಕಾದದ್ದು ಉಪ್ಪು.

ಅಕ್ಟೋಬರ್ 30

ವೀಸಾ ಬಂತು. ಗುರುವಾರದ ವಿಮಾನ.

ಸಂಜೆ ಉಮ್ಮನ ಅಡಿಗೆಮನೆಯಲ್ಲಿ ಯುದ್ಧಮಂಡಲಿಯ ಸಭೆ. ನಾನು ಯೋಜನೆಯನ್ನು ಮಂಡಿಸಿದೆ: ಎಲೆ ನಮ್ಮದು, ಉಪ್ಪು ನಮ್ಮದು, ಮೊದಲ ತುತ್ತೂ ನಮ್ಮದು. ನೇರ ಹೊಳೆಬದಿಗೆ ನಡೆಯುವುದು, ಯಾರನ್ನೂ ಕೇಳದೆ ಒಂದೇ ಸಾಲಿನಲ್ಲಿ ಎಲೆ ಹಾಕುವುದು, ಉಪ್ಪು ಬಡಿಸುವುದು, ಉಣ್ಣುವುದು.

“ಹೊರಗಿನ ಊಟ ತರಬಾರದು ಅಂತ ಹೇಳಿದ್ರೆ?” ಎಂದಳು ಶಶಿಪ್ರಭಾ.

“ಅದು ಗಿರಾಕಿಗಳಿಗೆ. ಹಲಗೆಯಲ್ಲಿ ಓದಿಲ್ವಾ? ನಾವು ನೆಂಟರು.”

“ಈ ಸಲ ಯಾವ ವೇಷ?”

“ವೇಷ ಇಲ್ಲ.”

“ಯಾವ ಸ್ವರ?”

“ಇದೇ.”

ಶಶಿಪ್ರಭಾ ಕೈಯಲ್ಲಿದ್ದ ಚಹಾವನ್ನು ಕೆಳಗಿಟ್ಟಳು. ಬಲ್ಲಾಳರ ದಿನವೂ ಅವಳು ಇಷ್ಟು ಹೆದರಿರಲಿಲ್ಲ.

ಉಮ್ಮ ಏನಾದರೂ ಹೇಳಿಯಾರೆಂದು ನಾವು ಮೂವರೂ ಅವರ ಮುಖ ನೋಡಿದೆವು. ಉಮ್ಮ ಮೀನಿಗೆ ಮಸಾಲೆ ಸವರುತ್ತಿದ್ದರು.

“ಪರದೆ ನಮ್ಮ ಮನೆಯದ್ದು,” ಎಂದರು. “ಯಾವಾಗ ಹಾಕ್ಬೇಕು, ಯಾವಾಗ ತೆಗೀಬೇಕು, ನನಗೆ ಗೊತ್ತುಂಟು, ನನ್ನ ಮಗಳಿಗೆ ಗೊತ್ತುಂಟು. ಹೋಟೆಲಿನವನಿಗೆ ಅದರಲ್ಲಿ ಎಂತ ಕೆಲಸ? ಎಲೆ ಹಿತ್ತಿಲಿನಲ್ಲಿ ಉಂಟು, ಒಳ್ಳೆದು ನೋಡಿ ಕೊಯ್ಯಿರಿ. ಹರಿದದ್ದು ತಕೊಂಡು ಹೋಗಿ ನನ್ನ ಮರ್ಯಾದೆ ತೆಗೀಬೇಡಿ.”

ನವೆಂಬರ್ 1, ಆದಿತ್ಯವಾರ

ಸಂಜೆ ಐದರ ಹೊತ್ತಿಗೆ ನಮ್ಮ ಸೈನ್ಯ ಹೊಳೆಬೀಡಿನ ಹಿತ್ತಾಳೆ ಹಂಡೆಯ ಬಳಿ ಕಾಲು ತೊಳೆಯಿತು. ಆಯುಧಗಳು: ಸುಹರಾಳ ಚೀಲದಲ್ಲಿ ಮೂರು ಬಾಳೆಲೆ, ನನ್ನ ಕೈಯಲ್ಲಿ ಉಮ್ಮ ತುಂಬಿಸಿಕೊಟ್ಟ ಟಿಫಿನ್ ಕ್ಯಾರಿಯರ್, ಶಶಿಪ್ರಭಾಳ ಕರವಸ್ತ್ರದ ಗಂಟಿನಲ್ಲಿ ಉಪ್ಪು. ಉಪ್ಪು ಅವಳ ಕೈಬೆವರಿಗೆ ಕರಗದಿರಲಿ ಎಂದು ದಾರಿಯುದ್ದಕ್ಕೂ ಪ್ರಾರ್ಥಿಸಿದ್ದೆ.

“ನಮಸ್ಕಾರ ಮೇಡಂ. ಇವತ್ತು ಜೆಂಟ್ಸ್...”

“ಇಲ್ಲ ಯೂಸ್ಟೇಸ್,” ಎಂದೆ, ನಡೆಯುತ್ತಲೇ.

“ಬಲ್ಲಾಳರು...”

“ಅವರೂ ಇಲ್ಲ.”

ಅವನು ಹಿಂದೆ ಬರುವಷ್ಟರಲ್ಲಿ ನಾವು ಅಂಗಳದಲ್ಲಿದ್ದೆವು. ಹೊಳೆಯ ಅಂಚಿನ ಉದ್ದ ಮೇಜು ಖಾಲಿ. ಕುರ್ಚಿ ಮೂರನ್ನೂ ಹೊಳೆಯ ಕಡೆಗೆ ತಿರುಗಿಸಿ ಸಾಲಾಗಿ ಇಟ್ಟೆವು. ನಡುವೆ ಸುಹರಾ. ಎಲೆ ಬಿಡಿಸಿದೆವು, ನೀರು ಚಿಮುಕಿಸಿದೆವು. ಶಶಿಪ್ರಭಾ ಗಂಟು ಬಿಚ್ಚಿದಳು. ಅವಸರದಲ್ಲಿ ಉಪ್ಪು ತುದಿಗೆ ಬೀಳುವ ಬದಲು ಇಡೀ ಎಲೆಗೆ ಬಿತ್ತು. ಬೀಳುವುದು ಮುಖ್ಯ. ನಾನು ಕುಚ್ಚಲಕ್ಕಿ ಅನ್ನ ಬಡಿಸಿದೆ, ಉಮ್ಮನ ಬಂಗುಡೆ ಇಟ್ಟೆ. ಮೂವರೂ ಒಟ್ಟಿಗೆ ತುತ್ತೆತ್ತಿದೆವು.

“ಮೇಡಂ, ಇಲ್ಲಿ ಆಗುವುದಿಲ್ಲ, ದಯಮಾಡಿ ಏ...” ಎಂದ ಯೂಸ್ಟೇಸ್.

‘ಏಳಿ’ ಎಂಬ ಶಬ್ದ ಅವನ ಬಾಯಿಯಿಂದ ಪೂರ್ತಿ ಹೊರಬರಲಿಲ್ಲ. ಎಲೆ ನೋಡಿದ, ನಮ್ಮ ಕೈ ನೋಡಿದ. “ಅಯ್ಯೋ ದೇವರೇ. ಕೂತಾಯ್ತಾ?”

“ಉಪ್ಪು ಬಿದ್ದಾಯ್ತು ಯೂಸ್ಟೇಸ್.”

ಅವನು ಶೆಟ್ಟರನ್ನು ಕರೆಯಲು ಓಡಿದ. ಅಂಗಳದ ಎಲ್ಲ ಮೇಜುಗಳೂ ನಮ್ಮ ಕಡೆ ತಿರುಗಿದವು. ಬೇರರ್‌ಗಳು ಕಂಬಗಳ ಬಳಿ ಗುಂಪಾದರು. ಲೋಕನಾಥ ಶೆಟ್ಟರು ಚಾವಡಿಯಿಂದಲೇ ಗುಡುಗುತ್ತ ಬಂದರು: “ಯಾರದು, ಹೇಳದೆ ಕೇಳದೆ ನನ್ನ ಅಂಗಳಕ್ಕೆ...”

ಎಲೆ ಕಂಡಿತು. ರೈಗಳು ನಿಂತಂತೆಯೇ ನಿಂತರು. ಅದೇ ತೆರೆದ ಬಾಯಿ.

ಹಿಂದಿನ ಮೇಜಿನ ಒಬ್ಬ ಮಹಾಶಯ ಕರವಸ್ತ್ರದಿಂದ ಬಾಯಿ ಒರೆಸುತ್ತ ಹೇಳಿದರು: “ಎಬ್ಬಿಸಿ ಒಳಗೆ ಕಳಿಸಿ ಶೆಟ್ರೇ. ಹೆಂಗಸರು ಹೀಗೆ ಬಯಲಲ್ಲಿ...”

ಶೆಟ್ಟರು ಅವರ ಕಡೆಗೆ ತಿರುಗಿದ ರೀತಿಯನ್ನು ನಾನು ಸಾಯುವವರೆಗೆ ಮರೆಯಲಾರೆ. “ಎಂತ ಹೇಳಿದ್ರಿ? ಎಲೆಯಿಂದ ಎಬ್ಬಿಸುವುದಾ? ನನ್ನ ಅಂಗಳದಲ್ಲಾ? ನಮ್ಮ ಮನೆತನದಲ್ಲಿ ಎಲೆಗೆ ಕೂತ ಕಳ್ಳನನ್ನೂ ಉಂಡು ಏಳುವವರೆಗೆ ಬಿಟ್ಟಿದ್ದೇವೆ!”

ಆಮೇಲೆ ನನ್ನನ್ನು ನೋಡಿದರು. “ನೀವು ಬಲ್ಲಾಳರ ಸೊಸೆಯಲ್ವಾ?”

“ಅಲ್ಲ ಶೆಟ್ರೇ. ನಾನು ಜೆಪ್ಪಿನ ಆಶಾಲತಾ. ಬಲ್ಲಾಳರು ಅಂತ ಯಾರೂ ಇಲ್ಲ. ಆ ಕೆಮ್ಮು ನನ್ನದು.”

ಶೆಟ್ಟರ ಮುಖದಲ್ಲಿ ಸೇವಂತಿಗೆ ಮಾಲೆ ಹಾದುಹೋದದ್ದು ನನಗೆ ಕಂಡಿತು. ನಾನು ಮಾತು ನಿಲ್ಲಿಸಲಿಲ್ಲ. “ಇವಳು ಸುಹರಾ. ಗುರುವಾರ ದುಬಾಯಿಗೆ ಹೋಗ್ತಾಳೆ. ಹೊಳೆ ನೋಡ್ತಾ ನಾವು ಮೂವರು ಒಟ್ಟಿಗೆ ಒಂದು ಊಟ ಮಾಡ್ಬೇಕಿತ್ತು. ನಿಮ್ಮ ಫ್ಯಾಮಿಲಿ ರೂಮಿನಿಂದ ಹೊಳೆ ಕಾಣುವುದಿಲ್ಲ. ಇಷ್ಟೇ ವಿಷಯ.”

ಶೆಟ್ಟರ ದೃಷ್ಟಿ ಟಿಫಿನ್ ಕ್ಯಾರಿಯರಿನ ಮೇಲೆ ನಿಂತಿತ್ತು. ಮುಖ ನಿಧಾನವಾಗಿ ಬಿಳಿಚಿಕೊಂಡಿತು.

“ಇದೆಂತ ಇದು?”

“ಊಟ.”

“ಎಲ್ಲಿದು?”

“ಮನೆಯದ್ದು,” ಎಂದಳು ಸುಹರಾ. “ಇಲ್ಲಿ ಬಡಿಸ್ಲಿಕ್ಕೆ ಇಲ್ಲ ಅಂದ್ರಿ, ಹಾಗೆ ತಂದದ್ದು.”

“ನನ್ನ ಬೀಡಿಗೆ ಬಂದ ನೆಂಟರು ಬುತ್ತಿ ಕಟ್ಟಿ ತರುವುದಾ!” ಅದು ಬೈಗಳವಾಗಿರಲಿಲ್ಲ, ಏಟು ತಿಂದವರ ಸ್ವರ. “ಇಷ್ಟು ಜನರ ಎದುರು? ಇನ್ನು ನಾನು ಊರಲ್ಲಿ ತಲೆ ಎತ್ತುವುದು ಹೇಗೆ? ಯೂಸ್ಟೇಸ್! ಏನು ನೋಡ್ತಾ ನಿಂತದ್ದು? ಬಡಿಸು ಮಾರಾಯ! ಕಾಣೆ ಮೀನು ತಾ, ಪತ್ರೊಡೆ ತಾ, ತುಪ್ಪ ತಾ!”

ಮುಟ್ಟಾಳೆಗಳು ನಾಲ್ಕೂ ದಿಕ್ಕಿಗೆ ಓಡಿದವು. ಶೆಟ್ಟರು ತಾವೇ ತುಪ್ಪದ ಗಿಂಡಿ ಹಿಡಿದು ಬಂದು ಬಗ್ಗಿ ಬಡಿಸಿದರು. ಬಡಿಸುತ್ತ ನನಗೆ ಮಾತ್ರ ಕೇಳುವಂತೆ ಹೇಳಿದರು: “ಕೆಮ್ಮು ಒಳ್ಳೆದಿತ್ತು ಮಗಾ. ಆ ದಿನ ಕಾಲು ನೋವಾಯ್ತು ನನಗೆ.”

ನಾನು ಎಲೆಯ ಮುಂದಿದ್ದೆ. ಇಲ್ಲವಾದರೆ ಆ ಮಾತಿಗೆ ಎದ್ದು ನಿಲ್ಲುತ್ತಿದ್ದೆ.

ಅಷ್ಟರಲ್ಲಿ ಅಡಿಗೆಮನೆಯ ಕಡೆಯಿಂದ, ಹಸಿರು ಪರದೆಯ ಹಿಂದಿನಿಂದ, ಒಂದು ಗಟ್ಟಿ ಸ್ವರ: “ಯಾರು, ಲೋಕನಾಥನಾ? ಅಲ್ಲಿ ಹೆಂಗಸರಿಗೆ ಬಡಿಸ್ತಾ ಇದ್ದೀಯಾ?”

ಪರದೆ ಸರಿಯಿತು. ಬಳೆ ತುಂಬಿದ ಕೈಯೊಂದು ಅದನ್ನು ಕಂಬಿಯ ತುದಿಯವರೆಗೂ ತಳ್ಳಿತು. ಹಿಂದೆಯೇ ಹೊರಬಂದರು ಒಬ್ಬರು ಭಾರೀ ಅಮ್ಮ, ಜೊತೆಗೆ ಇಬ್ಬರು ಸೊಸೆಯಂದಿರು.

“ವಾರಿಜಾಕ್ಷಿಯಕ್ಕ,” ಎಂದರು ಶೆಟ್ಟರು, ಗಿಂಡಿ ಹಿಡಿದೇ. “ನೀವು ಎದ್ದು ಬಂದ್ರಾ? ಎಲೆಯಿಂದ?”

“ಎಲೆಯಿಂದ ಏಳ್ಲಿಕ್ಕೆ ನನಗೇನು ಹುಚ್ಚಾ? ನಮಗಿನ್ನೂ ಉಪ್ಪು ಬಿದ್ದಿಲ್ಲ. ಆ ಫ್ಯಾನಿನ ಕೆಳಗೆ ಬೆಂದು ಹೋದೆವು. ನಮ್ಮ ಎಲೆಯೂ ಇಲ್ಲೇ ಹಾಕು,” ಎಂದು ಆ ಮಹಾತಾಯಿ ಕರವಸ್ತ್ರದ ಮಹಾಶಯರ ಎದುರಿನ ಕುರ್ಚಿಯನ್ನೇ ಎಳೆದು ಕೂತರು. ಮಹಾಶಯರು ಊಟ ಅರ್ಧವಾಗಿದ್ದರಿಂದ ಏಳುವಂತಿರಲಿಲ್ಲ.

ಅವರ ಹಿಂದೆ ಇನ್ನೊಂದು ಕೋಣೆಯ ಪರದೆ ಸರಿಯಿತು. ಆಮೇಲೆ ಮತ್ತೊಂದು. ಕಾಲೇಜಿನ ಹುಡುಗಿಯರು, ಒಬ್ಬಳು ಟೀಚರು, ಮಗುವನ್ನೆತ್ತಿಕೊಂಡ ಒಬ್ಬಾಕೆ. ಬೇರರ್‌ಗಳು ಕುರ್ಚಿ ಹೊತ್ತು ಹೊತ್ತು ಸಾಕಾದರು. ಅಂಗಳದಲ್ಲಿ ಬಳೆಯ ಸದ್ದು, ನಗು, “ಇಲ್ಲಿಗೆ ಸ್ವಲ್ಪ ಸಾರು ತನ್ನಿ,” “ಖಾರ ಕಡಿಮೆ ಮಾಡ್ಬೇಡಿ ಆಯ್ತಾ!” ನಾನು ಎಷ್ಟೋ ಗೆಲುವುಗಳ ಬಗ್ಗೆ ಓದಿದ್ದೇನೆ. ಯಾವುದಕ್ಕೂ ಕಾಣೆ ಫ್ರೈಯ ಪರಿಮಳ ಇರಲಿಲ್ಲ.

ಸೂರ್ಯ ಇಳಿದು ಹೊಳೆಯ ಮೇಲೆ ಬಂದ. ಊರು ಹೇಳಿದ್ದು ನಿಜ, ನಮ್ಮ ಎಲೆಯ ಮುಂದೆಯೇ. ಆದರೆ ಊರು ಒಂದು ಮಾತು ಹೇಳಿರಲಿಲ್ಲ: ಆ ಹೊತ್ತಿನ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ. ಹೊಳೆಯೆಲ್ಲ ಉರಿಯುವ ತಗಡಿನ ಹಾಗೆ. ನಾವು ಮೂವರೂ ಕಣ್ಣು ಕಿರಿದು ಮಾಡಿ, ಮೂಗು ಸೊಟ್ಟ ಮಾಡಿ, ಕಣ್ಣೀರು ಸುರಿಸುತ್ತ ಉಣ್ಣುತ್ತಿದ್ದೆವು.

ಯೂಸ್ಟೇಸ್ ನಿಜವಾಗಿಯೂ ಒಳ್ಳೆಯವ. ನಮ್ಮ ಅವಸ್ಥೆ ನೋಡಿ ಓಡಿಬಂದ. ಮೇಜಿನ ಮೇಲಣ ಮಾಡಿನ ಅಂಚಿನಲ್ಲಿ ಸುತ್ತಿಟ್ಟ ಬಿದಿರಿನ ಪರದೆಯ ಹಗ್ಗಕ್ಕೆ ಕೈ ಹಾಕಿ, ಬಹಳ ಕಾಳಜಿಯಿಂದ ಕೇಳಿದ:

“ಮೇಡಂ, ಬಿಸಿಲು ಮುಖಕ್ಕೆ ಬೀಳ್ತದೆ. ಪರದೆ ಇಳಿಸ್ಲಾ?”

“ಬೇಡ!”

ಕೂಗಿದ್ದು ನಾನೊಬ್ಬಳೇ ಅಲ್ಲ. ವಾರಿಜಾಕ್ಷಿಯಕ್ಕ, ಅವರ ಸೊಸೆಯಂದಿರು, ಟೀಚರು, ಕಾಲೇಜಿನ ಹುಡುಗಿಯರು, ಇಡೀ ಅಂಗಳ. ಎಲ್ಲರಿಗಿಂತ ಜೋರಾಗಿ ಕೂಗಿದವಳು ಶಶಿಪ್ರಭಾ. ಯೂಸ್ಟೇಸ್ ಕೈ ಸುಟ್ಟವನಂತೆ ಹಗ್ಗವನ್ನು ಬಿಟ್ಟು ಹಿಂದೆ ಹಾರಿದ.

ಸುಹರಾ ಮಾತ್ರ ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ತುತ್ತು ಕೈಯಲ್ಲೇ ಉಳಿದಿತ್ತು. ಅವಳು ಹೊಳೆ ನೋಡುತ್ತಿದ್ದಳು.